ಹಾಸ್ಟೆಲ್ಲು, ಹಾಸ್ಟೈಲು ಮತ್ತು ನಮ್ಮ ಲಿಫ್ಟು

ಕೆಲಸಕ್ಕೆ ಸೇರಿದ ಮೊದಲ ವರ್ಷದ ಕತೆ ಇದು. ವಾರಕ್ಕೆರಡು ರಾತ್ರಿ ಅಮೆರಿಕದ ಕ್ಲೈಂಟ್ ಜೊತೆ ಕಾಲ್ ಇರೋದು. ಟೀಮಿನಲ್ಲಿ ಎಲ್ಲರಿಗಿಂತ ಚಿಕ್ಕವನು ನಾನು, ಹಾಗಾಗಿ ಮಿನಿಟ್ಸ್ ಬರೆಯೋ ಕೆಲಸ ನನ್ನ ತಲೆಗೇ ಬಿದ್ದಿತ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನಿಗೆ ಫೋನಿನಲ್ಲಿ ಅಮೆರಿಕದ ಇಂಗ್ಲಿಷ್ ಕೇಳೋದು ಅಂದ್ರೆ, ಜಾತ್ರೆಯ ಮೈಕಿನಲ್ಲಿ ಕಳೆದುಹೋದ ಮಗುವಿನ ಹೆಸರು ಕೇಳಿಸಿಕೊಂಡ ಹಾಗೆ. ಏನೋ ಕೂಗ್ತಾ ಇದಾರೆ ಅನ್ನೋದು ಗೊತ್ತಾಗತ್ತೆ, ಏನು ಅಂತ ಗೊತ್ತಾಗಲ್ಲ.

ಅವತ್ತು ಆ ಕಡೆಯವರು ಸೆಕ್ಯುರಿಟಿ ಬಗ್ಗೆ ಮಾತಾಡ್ತಾ, ಇಂಟರ್ನೆಟ್ ಅನ್ನೋದನ್ನ ಹಾಸ್ಟೈಲ್ ಎನ್ವಿರಾನ್‌ಮೆಂಟ್ ಅಂತಲೇ ತಿಳ್ಕೊಂಡು ಡಿಸೈನ್ ಮಾಡಿ ಅಂದ್ರು. ಹಾಸ್ಟೈಲ್ ಅಂದ್ರೆ ಹಗೆತನದ್ದು, ಶತ್ರುಗಳಿಂದ ತುಂಬಿದ್ದು. ಆದರೆ ಅಮೆರಿಕನ್ನರ ಬಾಯಲ್ಲಿ ಹಾಸ್ಟೈಲ್ ಮತ್ತು ಹಾಸ್ಟೆಲ್ ಎರಡೂ ಒಂದೇ ಥರ, "ಹಾಸ್ಟಲ್" ಅಂತ ಕೇಳಿಸತ್ತೆ. ನಾನು ನಿಷ್ಠೆಯಿಂದ "ಹಾಸ್ಟೆಲ್ ಎನ್ವಿರಾನ್‌ಮೆಂಟ್" ಅಂತ ಬರೆದು ಹದಿನಾಲ್ಕು ಜನಕ್ಕೆ ಮೇಲ್ ಹಾಕಿದೆ. ಮರುದಿನ ಲೀಡ್ ನನ್ನ ಕುರ್ಚಿ ಹತ್ರ ಬಂದು, "ಏನಯ್ಯಾ, ನಿನ್ನ ಹಾಸ್ಟೆಲ್ಲು ಅಷ್ಟೊಂದು ಡೇಂಜರ್ರಾ?" ಅಂತ ಕೇಳಿದ.

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಒಳಗೆ ಸ್ವಲ್ಪ ಚುಚ್ಚಿತು. ಪಿಯುಸಿಯ ಎರಡು ವರ್ಷ ಸರ್ಕಾರಿ ಹಾಸ್ಟೆಲ್ಲಿನ ಅನ್ನ ತಿಂದು ಓದಿದವನು ನಾನು. ಅಲ್ಲಿ ಚಾಪೆ, ತಟ್ಟೆ, ಲೋಟ ಸಿಗದೇ ಇದ್ದಿದ್ರೆ ಈ ಕಾಲ್‌ನಲ್ಲಿ ಕೂತು ತಪ್ಪು ಬರೆಯೋ ಅವಕಾಶವೂ ನನಗೆ ಸಿಗ್ತಿರಲಿಲ್ಲ. ಆಸರೆ ಕೊಟ್ಟ ಜಾಗಕ್ಕೂ ಹಗೆತನಕ್ಕೂ ಇಂಗ್ಲಿಷಿನವರು ಹೆಚ್ಚೂಕಮ್ಮಿ ಅದೇ ಅಕ್ಷರ ಯಾಕೆ ಇಟ್ರು? ಅವತ್ತಿನಿಂದ ಎಚ್, ಓ, ಎಸ್, ಟಿ ಅನ್ನೋ ನಾಲ್ಕು ಅಕ್ಷರ ಎಲ್ಲಿ ಕಂಡ್ರೂ ನಿಂತು ನೋಡೋ ಚಾಳಿ ಶುರುವಾಯ್ತು.

ಪಟ್ಟಿ ಮಾಡ್ತಾ ಹೋದ್ರೆ ಮಜವಾಗಿದೆ. ಹೋಸ್ಟ್, ಅಂದ್ರೆ ಆತಿಥೇಯ. ಹೋಸ್ಟ್ ಅಂದ್ರೆ ದೊಡ್ಡ ಗುಂಪು, ಹಳೇ ಇಂಗ್ಲಿಷಿನಲ್ಲಿ ಸೈನ್ಯ ಅಂತಲೂ ಅರ್ಥ. ಹಾಸ್ಟೆಲ್. ಹಾಸ್ಟೈಲ್. ಹಾಸ್ಟೇಜ್, ಅಂದ್ರೆ ಒತ್ತೆಯಾಳು. ಮಧ್ಯದಲ್ಲಿ ಹುಡುಕಿದ್ರೆ ಘೋಸ್ಟ್, ಅಂದ್ರೆ ದೆವ್ವ. ಅದರ ಹೊಟ್ಟೆಯಲ್ಲೂ ಒಬ್ಬ ಹೋಸ್ಟ್ ಕೂತಿದ್ದಾನೆ. ಟಿ ಬಿಟ್ಟು ಪಿ ಹಾಕಿದ್ರೆ ಹಾಸ್ಪಿಟಲ್, ಹಾಸ್ಪಿಸ್. ಎಸ್ ತೆಗೆದ್ರೆ ಹೋಟೆಲ್.

ಇವರೆಲ್ಲ ಒಂದೇ ಮನೆಯವರಲ್ಲ. ಊರಲ್ಲಿ ಒಂದೇ ಇನಿಶಿಯಲ್ ಇದ್ದವರೆಲ್ಲ ದಾಯಾದಿಗಳಾಗಬೇಕು ಅಂತೇನಿಲ್ಲವಲ್ಲ. ದೆವ್ವಕ್ಕೂ ಆತಿಥೇಯನಿಗೂ ಅಕ್ಷರದ್ದಷ್ಟೇ ಸಂಬಂಧ, ಬೇರು ಬೇರೆ. ಹೋಸ್ಟಾ ಅಂತ ಕುಂಡದಲ್ಲಿ ಬೆಳೆಸೋ ಎಲೆಗಿಡ ಒಂದಿದೆ. ಅದು ಆಸ್ಟ್ರಿಯಾದ ಸಸ್ಯವಿಜ್ಞಾನಿ ನಿಕೋಲಸ್ ಹೋಸ್ಟ್ ಅವರ ಹೆಸರಿಂದ ಬಂದದ್ದು. ಹಾಸ್ಟೇಜ್ ಬಗ್ಗೆ ಪಂಡಿತರಲ್ಲಿ ಇನ್ನೂ ಜಗಳ ಇದೆ. ಆದರೆ ಆತಿಥೇಯ, ಸೈನ್ಯ, ಹಾಸ್ಟೆಲ್, ಹಗೆತನ, ಆಸ್ಪತ್ರೆ, ಹೋಟೆಲ್ ಇವೆಲ್ಲ ಖಂಡಿತ ಒಂದೇ ವಂಶ. ಫ್ರೆಂಚಿನಲ್ಲಿ ಹೋಟೆಲ್ ಅಂತ ಬರೆಯುವಾಗ ಓ ಮೇಲೆ ಪುಟ್ಟ ಟೋಪಿ ಹಾಕ್ತಾರೆ. ಒಂದು ಕಾಲದಲ್ಲಿ ಇಲ್ಲೊಂದು ಎಸ್ ಇತ್ತು, ಈಗಿಲ್ಲ ಅನ್ನೋದರ ಗುರುತು ಅದು.

ಆ ವಂಶದ ಮೂಲಪುರುಷನನ್ನ ಹುಡುಕಿಕೊಂಡು ಹೋದ್ರೆ ಲ್ಯಾಟಿನ್ನಿನ "ಹೋಸ್ಟಿಸ್" ಸಿಗತ್ತೆ. ಅದಕ್ಕೆ ಶತ್ರು ಅಂತ ಅರ್ಥ. ಆದರೆ ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೀತಾ ಒಂದು ಮಾತು ಹೇಳ್ತಾನೆ: ನಮ್ಮ ಹಿರಿಯರ ಕಾಲದಲ್ಲಿ ಈ ಪದಕ್ಕೆ ಶತ್ರು ಅನ್ನೋ ಅರ್ಥ ಇರಲಿಲ್ಲ, ಬೇರೆ ಊರಿನವನು ಅಂತಷ್ಟೇ ಇತ್ತು. ಅಂದ್ರೆ ಮೊದಲು ಬಂದದ್ದು ಪರಊರಿನವನು, ಅವನು ಶತ್ರುವಾದದ್ದು ಆಮೇಲೆ. ಅದೇ ಬೇರಿನ ಇನ್ನೊಂದು ಕೊಂಬೆ ಉತ್ತರದ ಜರ್ಮನ್ ಭಾಷೆಗಳಲ್ಲಿ ಬೆಳೆದು ಇಂಗ್ಲಿಷಿನ "ಗೆಸ್ಟ್" ಆಯ್ತು. ಅಲ್ಲಿ ಪರಊರಿನವನು ಅತಿಥಿಯಾದ. ಬಾಗಿಲಿಗೆ ಬಂದವನು ಇಬ್ಬರಿಗೂ ಒಬ್ಬನೇ. ಒಂದು ಕಡೆ ಅವನ ಮೇಲೆ ಕತ್ತಿ ಎತ್ತಿದ್ರು, ಇನ್ನೊಂದು ಕಡೆ ಕೂತ್ಕೋ ಅಂದ್ರು.

ಲ್ಯಾಟಿನ್ನಿನಲ್ಲಿ "ಹೋಸ್ಪೆಸ್" ಅಂತ ಮತ್ತೊಂದು ಪದ ಇದೆ. ಅತಿಥಿಗೂ ಅದೇ, ಆತಿಥೇಯನಿಗೂ ಅದೇ. ಅದರ ಮೊದಲರ್ಧ ಈ ಪರಊರಿನವನು. ಎರಡನೇ ಅರ್ಧ ನಮಗೆ ಗೊತ್ತಿರೋ ನೆಂಟನೇ: ಸಂಸ್ಕೃತದ "ಪತಿ" ಯಾವ ಬೇರಿನಿಂದ ಬಂತೋ ಅದೇ. ಒಡೆಯ. ಅಂದ್ರೆ ಬಂದವನ ಪಾಲಿಗೆ ಒಡೆಯನಾಗಿರೋನು. ಆಸ್ಪತ್ರೆ ಹುಟ್ಟಿದ್ದು ಈ ಪದದಿಂದ. ಮೊದಲು ಹಾಸ್ಪಿಟಲ್ ಅಂದ್ರೆ ಯಾತ್ರಿಕರು ತಂಗೋ ಛತ್ರ, ಕಾಯಿಲೆಯವರು ಆಮೇಲೆ ಬಂದ್ರು. ಆದರೆ ಆತಿಥ್ಯದ ಒಳಗೇ ಒಂದು ಯಜಮಾನಿಕೆ ಕೂತಿದೆ ಅನ್ನೋದನ್ನ ಗಮನಿಸಿ. ಬಾಗಿಲು ತೆಗೆಯೋಕೆ ಮೊದಲು ಬಾಗಿಲು ನಮ್ಮದಾಗಿರಬೇಕು.

ನಮ್ಮ ಕಡೆ ಏನಾಯ್ತು? "ಅತಿಥಿ" ಅಂದ್ರೆ ತಿಥಿ ನೋಡದೆ ಬರೋನು ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ರು. ಚೆನ್ನಾಗಿದೆ. ಆದರೆ "ಪರದೇಶಿ" ಅನ್ನೋ ಪದ ನೋಡಿ. ಬೇರೆ ದೇಶದವನು ಅಂತ ಅದರ ಅರ್ಥ. ನಮ್ಮೂರಲ್ಲಿ ಯಾರೂ ಆ ಅರ್ಥದಲ್ಲಿ ಬಳಸೋದಿಲ್ಲ. ಅಪ್ಪ ಅಮ್ಮ ಇಲ್ಲದ ಹುಡುಗನಿಗೆ "ಪರದೇಶಿ ಕೂಸು" ಅಂತಾರೆ. ರೋಮಿನವರು ಪರಊರಿನವನನ್ನ ಶತ್ರು ಮಾಡಿದ್ರು, ನಾವು ಗತಿಗೆಟ್ಟವನು ಮಾಡಿದ್ವಿ. ಹೊಡೆಯೋದಕ್ಕಿಂತ ಅಯ್ಯೋ ಪಾಪ ಅನ್ನೋದು ವಾಸಿ ಅಂತ ನೀವು ಹೇಳಬಹುದು. ನನಗೆ ಅಷ್ಟು ಖಾತ್ರಿ ಇಲ್ಲ. ಇಬ್ಬರೂ ಅವನನ್ನ ಸಮಸಮ ಅಂತ ನೋಡಲಿಲ್ಲ.

ನನ್ನ ಕೆಲಸವೂ ಇದೇ ಪದಗಳ ಮೇಲೆ ನಿಂತಿದೆ. ಇಂಟರ್ನೆಟ್ಟಿನ ಅಜ್ಜ ಆರ್ಪಾನೆಟ್. ಅದರ ನಿಯಮಗಳನ್ನ ಚರ್ಚೆ ಮಾಡೋ ದಾಖಲೆಗಳ ಸಾಲಿನ ಮೊಟ್ಟಮೊದಲನೆಯದನ್ನ 1969ರ ಏಪ್ರಿಲ್‌ನಲ್ಲಿ ಸ್ಟೀವ್ ಕ್ರಾಕರ್ ಬರೆದರು. ಅದರ ಶೀರ್ಷಿಕೆ "ಹೋಸ್ಟ್ ಸಾಫ್ಟ್‌ವೇರ್". ಇವತ್ತಿಗೂ ನೆಟ್‌ವರ್ಕಿನಲ್ಲಿರೋ ಪ್ರತಿ ಕಂಪ್ಯೂಟರ್ ಒಂದು ಹೋಸ್ಟ್. ಒಂದು ಮಷೀನಿನೊಳಗೆ ಇನ್ನೊಂದು ಆಪರೇಟಿಂಗ್ ಸಿಸ್ಟಂ ಓಡಿಸಿದ್ರೆ, ಜಾಗ ಕೊಟ್ಟಿದ್ದು ಹೋಸ್ಟ್, ಬಂದಿದ್ದು ಗೆಸ್ಟ್.

ಎಸ್‌ಎಸ್‌ಎಚ್ ಬಳಸಿ ಒಂದು ಹೊಸ ಸರ್ವರಿಗೆ ಮೊದಲ ಸಲ ಹೋದ್ರೆ ಅದೊಂದು ಪ್ರಶ್ನೆ ಕೇಳತ್ತೆ: ಈ ಹೋಸ್ಟ್ ಯಾರು ಅಂತ ಖಾತ್ರಿ ಆಗ್ತಿಲ್ಲ, ಮುಂದುವರೀಬೇಕಾ? ನಾವೆಲ್ಲ ಓದದೇ "ಎಸ್" ಒತ್ತುತೀವಿ. ಆಮೇಲೆ ಅದು ಪರಿಚಯಸ್ಥರ ಪಟ್ಟಿಗೆ ಸೇರತ್ತೆ, ಮತ್ತೆ ಕೇಳೋದಿಲ್ಲ. ಗುರುತು ಬದಲಾದಾಗ ಮಾತ್ರ ಬೊಬ್ಬೆ ಹೊಡೆಯತ್ತೆ. ಇದಕ್ಕೆ ನಮ್ಮವರು ಇಟ್ಟಿರೋ ಹೆಸರು "ಟ್ರಸ್ಟ್ ಆನ್ ಫಸ್ಟ್ ಯೂಸ್", ಮೊದಲ ಸಲ ನಂಬು. ಇದಕ್ಕೆ ಎದುರಾಗಿ "ಝೀರೋ ಟ್ರಸ್ಟ್" ಅಂತ ಇನ್ನೊಂದು ಪಂಥ ಇದೆ. 2010ರಲ್ಲಿ ಫಾರೆಸ್ಟರ್ ಸಂಸ್ಥೆಯ ಜಾನ್ ಕಿಂಡರ್ವಾಗ್ ಈ ಮಾತನ್ನ ಚಾಲ್ತಿಗೆ ತಂದ್ರು. ಒಳಗಿನವನಾಗಲಿ ಹೊರಗಿನವನಾಗಲಿ, ಯಾರನ್ನೂ ಸುಮ್ಮನೆ ನಂಬಬೇಡ, ಪ್ರತಿ ಸಲ ಪರೀಕ್ಷೆ ಮಾಡು. ಇವತ್ತು ಕಂಪನಿಗಳೆಲ್ಲ ಓಡ್ತಿರೋದು ಈ ಕಡೆಗೇ. ಸರ್ವರುಗಳ ವಿಷಯದಲ್ಲಿ ಅದು ಸರಿ ಕೂಡ.

ಇದನ್ನ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆ ಜಗಲಿ. ತಿಪಟೂರು ಸೀಮೆಯ ಊರು ನಮ್ಮದು. ಯಾರೇ ಬಂದ್ರೂ ಮೊದಲು ಕೈಕಾಲಿಗೆ ನೀರು, ಆಮೇಲೆ ಬೆಲ್ಲ, ಕುಡಿಯೋಕೆ ನೀರು, ಅದಾದ ಮೇಲೆ "ಯಾವೂರಾಯ್ತು?" ಅನ್ನೋ ಪ್ರಶ್ನೆ. ಪಕ್ಕಾ ಟ್ರಸ್ಟ್ ಆನ್ ಫಸ್ಟ್ ಯೂಸ್! ಒಂದು ಟೀಮ್ ಲಂಚಿನಲ್ಲಿ ಇದನ್ನ ಹೆಮ್ಮೆಯಿಂದ ಹೇಳ್ತಾ ಇದ್ದೆ. ಎದುರಿಗೆ ಕೂತಿದ್ದ ಗೆಳೆಯ, ಅವನೂ ಹಳ್ಳಿಯವನೇ, ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ನಿಮ್ಮ ಜಗಲಿ ಮೇಲೆ ನಮ್ಮ ತಾತ ಕೂರ್ತಾ ಇರ್ಲಿಲ್ಲ ಕಣೋ. ಅಂಗಳದಲ್ಲಿ ನಿಲ್ತಿದ್ರು. ನೀರು ಮೇಲಿಂದ ಹುಯ್ಯೋರು."

ನಾನು ಸುಮ್ಮನಾದೆ. ಅವನು ಹೇಳಿದ್ದು ನಿಜ, ನಾನೇ ಚಿಕ್ಕಂದಿನಲ್ಲಿ ನೋಡಿದ್ದೆ. ನೋಡಿದ್ದನ್ನ ನೆನಪಿನಿಂದ ಎಡಿಟ್ ಮಾಡಿ ಜಗಲಿಯನ್ನಷ್ಟೇ ಉಳಿಸಿಕೊಂಡಿದ್ದೆ. ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ, ಜಾತಿ ಧರ್ಮ ಲಿಂಗದ ಕಾರಣಕ್ಕೆ ಅಂಗಡಿ, ಉಪಾಹಾರಗೃಹ, ಹೋಟೆಲ್, ಬಾವಿ, ಕೆರೆ, ರಸ್ತೆ ಇವಕ್ಕೆಲ್ಲ ಯಾರನ್ನೂ ತಡೆಯೋ ಹಾಗಿಲ್ಲ ಅಂತ ಬರೆದಿದೆ. ಒಂದು ದೇಶದ ಸಂವಿಧಾನದಲ್ಲಿ ಹೋಟೆಲ್ ಅನ್ನೋ ಪದ ಯಾಕೆ ಬೇಕಾಯ್ತು ಅಂತ ಯೋಚನೆ ಮಾಡಿ. ಅತಿಥಿಯನ್ನ ದೇವರು ಅಂತ ಕರೆದ ನಾಡಿನಲ್ಲಿ ದುಡ್ಡು ಕೊಟ್ಟು ಕಾಫಿ ಕುಡಿಯೋಕೂ ಕೆಲವರಿಗೆ ಕಾನೂನಿನ ಆಸರೆ ಬೇಕಾಯ್ತು. ಆತಿಥ್ಯ ಮನೆಯೊಡೆಯನ ದೊಡ್ಡಗುಣಕ್ಕೆ ಬಿಟ್ಟ ವಿಷಯ ಆದ್ರೆ ಹೀಗೇ ಆಗೋದು.

1795ರಲ್ಲಿ ಜರ್ಮನಿಯ ಇಮ್ಯಾನುಯೆಲ್ ಕಾಂಟ್ ಶಾಶ್ವತ ಶಾಂತಿಯ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ಅದರಲ್ಲಿ ಅವನು ಆತಿಥ್ಯದ ಬಗ್ಗೆ ಹೇಳೋದು ಇಷ್ಟೇ: ಬೇರೆಯವರ ನೆಲಕ್ಕೆ ಬಂದವನನ್ನ, ಬಂದ ಅನ್ನೋ ಒಂದೇ ಕಾರಣಕ್ಕೆ ಶತ್ರುವಿನ ಹಾಗೆ ನಡೆಸಿಕೊಳ್ಳಬಾರದು. ಇದು ಉಪಕಾರ ಅಲ್ಲ, ಅವನ ಹಕ್ಕು. ಮನೆಗೆ ಕರೆದು ಹಬ್ಬದೂಟ ಹಾಕಬೇಕು ಅಂತೇನಿಲ್ಲ. ವಾಪಸ್ ಕಳಿಸಲೂಬಹುದು. ಆದರೆ ಕಳಿಸಿದ್ರೆ ಅವನು ನಾಶವಾಗ್ತಾನೆ ಅಂತಿದ್ರೆ ಕಳಿಸೋ ಹಾಗಿಲ್ಲ. ಕೇಳೋಕೆ ಬಹಳ ಕಡಿಮೆ ಅನ್ಸತ್ತೆ. ಇಷ್ಟು ಕಡಿಮೆಯೂ ಎಷ್ಟು ಕಷ್ಟ ಅಂತ ನನಗೆ ಗೊತ್ತಾದದ್ದು 2020ರಲ್ಲಿ.

ಆ ಮಾರ್ಚಿನಲ್ಲಿ ಬೆಂಗಳೂರು ಬಿಟ್ಟು ಬೈಕಿನಲ್ಲಿ ಊರಿಗೆ ಹೋದೆ. ಊರ ಬಾಗಿಲಿಗೆ ಜಾಲಿ ಮುಳ್ಳು ಎಳೆದಿದ್ರು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಆಗ ಹೀಗೇ ಮಾಡಿದ್ರು, ನಿಮಗೂ ನೆನಪಿರಬಹುದು. ಮುಳ್ಳಿನ ಆ ಕಡೆ ಟವೆಲ್ ಸುತ್ತಿಕೊಂಡು ನಿಂತಿದ್ದವರು ನನ್ನ ಸ್ವಂತ ಚಿಕ್ಕಪ್ಪ. "ನಿಂಗೇನೂ ಆಗಿಲ್ಲ ಅಂತ ನಂಗೊತ್ತು ಮಗ. ಆದ್ರೆ ರೂಲ್ಸು ರೂಲ್ಸೇ" ಅಂದ್ರು. ಹುಟ್ಟಿದ ಊರಿನಲ್ಲೇ ನಾನು ಹೋಸ್ಟಿಸ್ ಆಗಿದ್ದೆ. ಕೊನೆಗೆ ತೋಟದ ಪಂಪ್‌ಹೌಸಿನಲ್ಲಿ ಹದಿನಾಲ್ಕು ದಿನ ಇರು ಅಂತ ತೀರ್ಮಾನ ಆಯ್ತು. ಅಮ್ಮ ದಿನಾ ಬೇಲಿ ಹತ್ರ ಬುತ್ತಿ ಇಟ್ಟು ದೂರ ನಿಂತು ಮಾತಾಡಿಸಿ ಹೋಗೋಳು. ಬಾಗಿಲು ಹಾಕಿದ್ರು, ಆದರೆ ಊಟ ಕೊಟ್ರು. ಕಾಂಟ್ ಹೇಳಿದ್ದಕ್ಕೆ ಅದು ಸರಿಯಾಗೇ ಇತ್ತು.

ಹೇಳದೇ ಉಳಿಸಿಕೊಂಡಿರೋದು ಇನ್ನೊಂದಿದೆ. ಅವತ್ತು ಮುಳ್ಳಿನ ಈ ಕಡೆ ನಾನೊಬ್ಬನೇ ಇರಲಿಲ್ಲ. ಪಕ್ಕದ ಊರಿನ ಹತ್ರ ಎಲ್ಲೋ ಕಟ್ಟಡದ ಕೆಲಸ ಮಾಡ್ತಿದ್ದ ಇಬ್ಬರು ಹುಡುಗರು, ಹಿಂದಿ ಮಾತಾಡೋರು, ನಮ್ಮೂರು ದಾಟಿ ಹೈವೇಗೆ ಹೋಗಬೇಕು ಅಂತ ನಿಂತಿದ್ರು. ಅವರಿಗೆ ಈ ಕಡೆ ಚಿಕ್ಕಪ್ಪ ಇರಲಿಲ್ಲ. ಬಂದ ದಾರಿಯಲ್ಲೇ ವಾಪಸ್ ಕಳಿಸಿದ್ರು. ನನ್ನ ಬ್ಯಾಗಿನಲ್ಲಿ ಎರಡು ಬಾಟಲಿ ನೀರಿತ್ತು. ನಾನು ನನ್ನ ಪಂಪ್‌ಹೌಸಿನ ಮಾತುಕತೆಯಲ್ಲಿ ಮುಳುಗಿದ್ದೆ. ತಿರುಗಿ ನೋಡುವಷ್ಟರಲ್ಲಿ ಅವರು ತಿರುವು ದಾಟಿದ್ರು.

ಅದೇ ಹೊತ್ತಿಗೆ ಬೆಂಗಳೂರಿನ ಎಷ್ಟೋ ಪೇಯಿಂಗ್ ಗೆಸ್ಟ್ ಮನೆಗಳಲ್ಲಿ ರೂಮು ಖಾಲಿ ಮಾಡಿ ಅಂತ ಹೇಳ್ತಿದ್ರು. ಪೇಯಿಂಗ್ ಇತ್ತು, ಗೆಸ್ಟ್ ಇರಲಿಲ್ಲ. ಮೇ ತಿಂಗಳಲ್ಲಿ ಇದಕ್ಕೆ ಉಲ್ಟಾ ಆಯ್ತು. ಊರಿಗೆ ಹೋಗಬೇಕು ಅಂತ ಕಾಯ್ತಿದ್ದ ವಲಸೆ ಕಾರ್ಮಿಕರ ರೈಲುಗಳನ್ನ, ಬಿಲ್ಡರುಗಳ ಜೊತೆ ಮಾತುಕತೆ ಆದ ಮೇಲೆ, ನಮ್ಮ ರಾಜ್ಯ ಸರ್ಕಾರ ಬೇಡ ಅಂದಿತು. ದೇಶದ ತುಂಬ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ನಿರ್ಧಾರ ಬದಲಾಯ್ತು. ಹೋಗ್ತೀನಿ ಅಂದವನನ್ನ ಕೆಲಸಕ್ಕೆ ಬೇಕು ಅಂತ ಹಿಡಿದಿಟ್ಟುಕೊಳ್ಳೋದಕ್ಕೆ ನಮ್ಮ ನಾಲ್ಕಕ್ಷರದ ಪಟ್ಟಿಯಲ್ಲಿ ಒಂದು ಪದ ಇದೆ. ಹಾಸ್ಟೇಜ್. ಬೇರು ಯಾವುದೋ ಏನೋ, ಆ ತಿಂಗಳು ಅದು ಇದೇ ಮನೆಯವನ ಹಾಗೆ ಕಾಣ್ತಿತ್ತು.

ಈಗ ಲಿಫ್ಟಿನ ವಿಷಯಕ್ಕೆ ಬರ್ತೀನಿ. ನಾವಿರೋ ಅಪಾರ್ಟ್‌ಮೆಂಟಿನ ಪ್ರತಿ ಬ್ಲಾಕಿನಲ್ಲಿ ಎರಡು ಲಿಫ್ಟಿದೆ. ಮಳೆಗಾಲದಲ್ಲಿ ಯಾರೋ, ಡೆಲಿವರಿಯವರ ರೇನ್‌ಕೋಟಿನಿಂದ ಲಿಫ್ಟೆಲ್ಲ ನೀರಾಗತ್ತೆ ಅಂತ ಗ್ರೂಪಿನಲ್ಲಿ ಹಾಕಿದ್ರು. ಡೆಲಿವರಿಯವರು, ಮನೆಕೆಲಸದವರು, ಕಸದವರು ಎಲ್ಲ ಒಂದೇ ಲಿಫ್ಟ್ ಬಳಸಲಿ, ಇನ್ನೊಂದು ನಿವಾಸಿಗಳಿಗೆ ಅಂತ ಒಂದು ಪೋಲ್ ಬಂತು. ಆಫೀಸಿನಲ್ಲಿ ಬಿಲ್ಡ್ ಮುಗಿಯೋಕೆ ಕಾಯ್ತಾ ಕೂತಿದ್ದೆ. ಮೂರು ಸೆಕೆಂಡು. "ಎಸ್" ಒತ್ತಿದೆ. ಎಸ್‌ಎಸ್‌ಎಚ್ ಕೇಳಿದಾಗ ಒತ್ತೋ ಹಾಗೇ, ಓದದೇ.

ಎರಡು ತಿಂಗಳಾದ ಮೇಲೆ ಸರ್ವಿಸ್ ಲಿಫ್ಟು ಕೆಟ್ಟು ವಾರ ನಿಂತಿತು. ಆ ವಾರ ಅಮ್ಮ ಬಂದಿದ್ಲು. ದಿನಸಿ ಆರ್ಡರ್ ಮಾಡಿದ್ದೆ, ಐದು ಕೇಜಿ ಅಕ್ಕಿನೂ ಅದರಲ್ಲಿತ್ತು. ಬೆಲ್ ಆಯ್ತು, ಅಮ್ಮ ಬಾಗಿಲು ತೆಗೆದ್ಲು. ಹುಡುಗ ಒಂಬತ್ತು ಮಹಡಿ ಹತ್ತಿ ಬಂದು ಗೋಡೆ ಹಿಡ್ಕೊಂಡು ನಿಂತಿದ್ದ. ಅಮ್ಮ ನೀರು ತಂದ್ಲು, ಬೆಲ್ಲ ಹುಡುಕಿದ್ಲು, ಸಿಗದೆ ಬಿಸ್ಕತ್ತು ಕೊಟ್ಲು. "ಯಾವೂರಪ್ಪ?" "ಯಾದಗಿರಿ ಕಡೆ ಅಮ್ಮ." "ಆ ಇನ್ನೊಂದು ಲಿಫ್ಟು ಓಡ್ತಾ ಇದೆಯಲ್ಲೋ?" "ಅದರಾಗ ನಮಗ ಬಿಡಂಗಿಲ್ರೀ, ರೂಲ್ಸ್ ಐತಿ."

ಅವನು ಹೋದ ಮೇಲೆ ಅಮ್ಮ ನನ್ನ ಕಡೆ ತಿರುಗಿ ಕೇಳಿದ್ಲು: "ಯಾರು ಮಾಡಿದ್ದು ಈ ರೂಲ್ಸು?"

"ಕಮಿಟಿಯವರು" ಅಂದೆ.

ಈ ಪ್ರಶ್ನೆಯನ್ನ ಆಮೇಲೆ ಬಹಳ ದಿನ ಹೊತ್ತು ತಿರುಗಿದೆ. ಝೀರೋ ಟ್ರಸ್ಟ್ ಮಷೀನಿಗೆ ಸರಿ, ಯಾಕಂದ್ರೆ ಅನುಮಾನ ಪಟ್ರೆ ಮಷೀನಿಗೆ ಅವಮಾನ ಆಗೋದಿಲ್ಲ, ಕಾಲು ನೋಯೋದಿಲ್ಲ. ಗೇಟಿನಲ್ಲಿ ಹೆಸರು ಬರೆಸಿ, ಫೋನ್ ಮಾಡಿ ಕೇಳಿ, ಕ್ಯಾಮೆರಾ ಹಾಕಿ, ತಪ್ಪಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ. ಆದರೆ ಪರೀಕ್ಷೆ ಮಾಡೋದು ಬೇರೆ, ಪರೀಕ್ಷೆ ಪಾಸಾದ ಮೇಲೂ ಅಂಗಳದಲ್ಲೇ ನಿಲ್ಲಿಸೋದು ಬೇರೆ. ಒಳಗೆ ಬರೋಕೆ ಅನುಮತಿ ಸಿಕ್ಕವನಿಗೆ ಇನ್ನೊಂದು ಲಿಫ್ಟು ತೋರಿಸೋದರಲ್ಲಿ ಸೆಕ್ಯುರಿಟಿ ಏನೂ ಇಲ್ಲ. ಅದು ಮೇಲಿಂದ ಹುಯ್ಯೋ ನೀರಿನ ಹೊಸ ವರ್ಷನ್ನು, ಅಷ್ಟೇ. 15ನೇ ವಿಧಿಯ ಪಟ್ಟಿಯಲ್ಲಿ ಬಾವಿ ಇದೆ, ರಸ್ತೆ ಇದೆ, ಅಪಾರ್ಟ್‌ಮೆಂಟಿನ ಲಿಫ್ಟು ಇಲ್ಲ. ಹಾಗಾಗಿ ಅದನ್ನ ನಾವೇ ನೋಡಿಕೊಳ್ಳಬೇಕು.

ಇನ್ನೊಂದು ವಿಷಯ. ಚಿಕ್ಕಪ್ಪ ಮುಳ್ಳಿನ ಆಚೆ ನಿಂತು ನನ್ನ ಮುಖ ನೋಡಿ ಬೇಡ ಅಂದ್ರು, ಅದಕ್ಕೇ ಕೊನೆಗೆ ಪಂಪ್‌ಹೌಸ್ ಹೊಳೀತು. ನಾನು ಆ ಹುಡುಗನ ಮುಖ ನೋಡದೆ, ಮೂವತ್ತು ಕಿಲೋಮೀಟರ್ ದೂರ ಕೂತು, ಬೇಡ ಅಂದಿದ್ದೆ. ಲ್ಯಾಟಿನ್ನಿನವರ ಕಾಲದಿಂದಲೂ ಪರಊರಿನವನು ಅತಿಥಿಯೋ ಶತ್ರುವೋ ಅನ್ನೋದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಬಾಗಿಲಲ್ಲಿ ತೀರ್ಮಾನ ಆಗ್ತಿತ್ತು. ನಾವು ಈ ತೀರ್ಮಾನವನ್ನ ಬಾಗಿಲಿಂದ ಎತ್ತಿ ಪೋಲಿಗೆ, ಆ್ಯಪಿಗೆ, ಕಮಿಟಿಗೆ ಹಾಕಿದ್ದೀವಿ. ಹಾಗಾಗಿ ಯಾರೂ ಕೆಟ್ಟವರಾಗೋದಿಲ್ಲ, ಕೆಟ್ಟದ್ದು ಮಾತ್ರ ಆಗ್ತಾ ಇರತ್ತೆ.

ಮುಂದಿನ ಮೀಟಿಂಗಿನಲ್ಲಿ ರೂಲ್ ತೆಗೀರಿ ಅಂತ ಕೇಳಿದೆ. ಒಪ್ಪಲಿಲ್ಲ. ಒಂದು ಲಿಫ್ಟ್ ಕೆಟ್ಟಾಗ ಎಲ್ಲರೂ ಇನ್ನೊಂದನ್ನ ಬಳಸಬಹುದು ಅಂತ ಆಯ್ತು. ಗೇಟಿನ ಹತ್ರ ಒಂದು ಬೆಂಚು, ಒಂದು ಕುಡಿಯೋ ನೀರಿನ ಫಿಲ್ಟರ್ರು ಬಂತು. ನಮ್ಮ ಅಂಗಳಕ್ಕೊಂದು ಬೆಂಚು ಹಾಕಿದ ಹಾಗಾಯ್ತು, ಜಗಲಿಗೆ ಹತ್ತಿಸಿಕೊಂಡ ಹಾಗಲ್ಲ. ಮುಂದಿನ ವರ್ಷ ಮತ್ತೆ ಕೇಳ್ತೀನಿ.

ಅಮ್ಮ ಊರಿಂದ ಫೋನ್ ಮಾಡಿದಾಗಲೆಲ್ಲ "ಆ ಲಿಫ್ಟಿಂದು ಏನಾಯ್ತೋ?" ಅಂತ ಕೇಳ್ತಾಳೆ. ಬೆಂಚಿನ ವಿಷಯ ಹೇಳಿದೀನಿ, ಫಿಲ್ಟರ್ ವಿಷಯ ಹೇಳಿದೀನಿ. ಆ ಪೋಲಿನಲ್ಲಿ ನಾನೂ ಎಸ್ ಒತ್ತಿದ್ದೆ ಅಂತ ಮಾತ್ರ ಇನ್ನೂ ಹೇಳಿಲ್ಲ. ನಾನು ಬರೆದಿದ್ದನ್ನೆಲ್ಲ ನಮ್ಮ ತಂಗಿ ಅವಳಿಗೆ ಓದಿ ಹೇಳ್ತಾಳೆ. ಇದನ್ನೂ ಹೇಳ್ತಾಳೆ.